ಫೋಟೊದ ಅಂಚಿನ ಕೈ

ಪ್ರೀತಿಯ ಚಿಕ್ಕಮ್ಮ,

ನಾನು ಅಮ್ಮನ ಮಡಿಲಲ್ಲಿರುವ ಆ ಹಳೆಯ ಫೋಟೊ ಮುಕ್ಕಾಲು ಭಾಗ ಸರಿಹೋಗಿದೆ. ಕೆನ್ನೆಯ ಮೇಲಿದ್ದ ಬೂಷ್ಟಿನ ಕಲೆ, ಹಣೆಯ ಮೇಲಿನ ಮಡಿಕೆ ಎರಡೂ ಹೋದವು. ಕಂಪ್ಯೂಟರ್ ಜಾಣತನ ತೋರಿಸಿ ಅಮ್ಮನಿಗೆ ಮುತ್ತು ಪೋಣಿಸಿದಂಥ ಹಲ್ಲು ಜೋಡಿಸಿತ್ತು. "ನಿಮ್ಮಮ್ಮಂದು ಉಬ್ಬುಹಲ್ಲು, ನಕ್ಕರೆ ಅದೇ ಚೆಂದ" ಎಂದು ನೀನು ಹೇಳುತ್ತಿದ್ದುದು ನೆನಪಾಗಿ, ಅದನ್ನು ತೆಗೆದು ಮೊದಲಿನಂತೆಯೇ ಬಿಟ್ಟೆ.

"ಬಲಗಡೆ ಅಂಚಲ್ಲಿ ಏನೋ ಕಲೆ ಇದೆ, ಅಳಿಸಿಬಿಡು" ಅಂದಿದ್ದೆಯಲ್ಲ, ದೊಡ್ಡದು ಮಾಡಿ ನೋಡಿದರೆ ಅವು ಬೆರಳುಗಳು. ಅಮ್ಮನ ಎರಡೂ ಕೈ ನನ್ನ ಕಾಲು ಹಿಡಿದಿವೆ. ನಾನು ಬೀಳದಂತೆ ಬೆನ್ನಿಗೆ ಆನಿಸಿರುವುದು ಬೇರೆ ಕೈ.

ಫೋನ್ ಮಾಡಿ ಅಪ್ಪನ ಬಾಯಿ ಬಿಡಿಸಿದೆ, ಅವರನ್ನು ಬೈಯಬೇಡ. ಅಮ್ಮ ಹೋದ ಮೇಲೆ ನೀನು ಅಪ್ಪನನ್ನು ಮದುವೆಯಾಗಿ ಬಂದವಳೇ ಈ ಫೋಟೊಗೆ ಕತ್ತರಿ ಹಾಕಿದೆಯಂತೆ. "ಅಕ್ಕನ ಪಕ್ಕ ನಾನೂ ಇದ್ರೆ ಮಗು ಯಾರನ್ನ ಅಮ್ಮ ಅಂದ್ಕೊಳ್ಳುತ್ತೋ. ಅವಳೊಬ್ಬಳೇ ಇರ್ಲಿ" ಅಂದೆಯಂತೆ.

ಆ ಕೈ ಅಳಿಸಲು ನನ್ನಿಂದ ಆಗಲಿಲ್ಲ. ಅದರ ಪಕ್ಕಕ್ಕೆ ಖಾಲಿ ಜಾಗ ಸೇರಿಸಿದ್ದೇನೆ. ಆ ವಯಸ್ಸಿನ ನಿನ್ನ ಫೋಟೊ ಇದ್ದರೆ ಕಳಿಸು. ಇಲ್ಲದಿದ್ದರೆ ಭಾನುವಾರ ಬಂದು ಕಿಟಕಿಯ ಹತ್ತಿರ ಕೂತುಕೋ, ನಾನೇ ತೆಗೆಯುತ್ತೇನೆ. "ಈ ನರೆಗೂದಲು ಇಟ್ಕೊಂಡು ಅಕ್ಕನ ಪಕ್ಕ ನಿಲ್ಲಲಾ?" ಎಂದು ತಕರಾರು ತೆಗೆಯಬೇಡ. ನೀನು ಹೇಗಿದ್ದರೂ ಅಮ್ಮನಿಗೆ ಗುರುತು ಸಿಗುತ್ತದೆ.

ಇತಿ,
ನಿನ್ನ ಮಗಳು