ಕರೆದರೆ ಬರುವ ದನಗಳು

ಹುಲ್ಲುವರ್ಷ ೬೧, ಎರಡನೆಯ ಮಳೆಯ ಒಂಬತ್ತನೆಯ ದಿನ
(ನಿಮ್ಮ ಲೆಕ್ಕದಲ್ಲಿ ೨೧೯೪)

ಪ್ರೀತಿಯ ಸಿರಿಯಜ್ಜಿ,

ನೀವು ನನ್ನ ಗಂಡನ ಮನೆಯ ಆರು ತಲೆಮಾರು ಹಿಂದಿನ ಹಿರಿಯರು; ನೀವಿನ್ನೂ ಬದುಕಿರುವ ಕಾಲಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ನಮ್ಮ ಕಾಲದ ಪದಗಳೂ ಬೇರೆ. ಮೊದಲು ಸಂತೋಷದ ಸುದ್ದಿ: ನನಗೆ ಮದುವೆಯಾಗಿ ಹತ್ತೊಂಬತ್ತು ದಿನ! ಗಂಡನ ಹೆಸರು ಪಾಲೇಶ. ನಕ್ಕರೆ ಅವನ ಎಡಗಣ್ಣು ಪೂರ್ತಿ ಮುಚ್ಚಿಹೋಗುತ್ತದೆ. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು.

ನಮ್ಮಲ್ಲಿ ಬೆಳಿಗ್ಗೆ ನೀರುಪಾಲು ಬರುತ್ತದೆ. ಮನುಷ್ಯರಿಗೆ ಇಷ್ಟು, ದನಕ್ಕೆ ಇಷ್ಟು ಎಂದು ನೆಲಸಭೆ ಅಳೆದು ಬಿಡುವ ನೀರು ಅದು. ಪಟ್ಟಣದವರು ತಿನ್ನುವುದು ತೊಟ್ಟಿಮಾಂಸ. ಗಾಜಿನ ತೊಟ್ಟಿಯಲ್ಲಿ ಬೆಳೆಯುವ ಅದಕ್ಕೆ ತಾಯಿಯಿಲ್ಲ. ದನವೆಂದರೆ ಮಕ್ಕಳ ಪಾಲಿನ ನೀರು ಕುಡಿಯುವ ಪ್ರಾಣಿ ಎಂದು ಶಾಲೆಯಲ್ಲಿ ಕಲಿಸಿದ್ದರು, ನಾನೂ ನಂಬಿದ್ದೆ. ಮದುವೆಗೆ ಮುಂಚೆ ಒಂದು ವರ್ಷ ಈ ಕಾವಲಿನಲ್ಲಿ, ಅಂದರೆ ದನಕ್ಕೆಂದು ಉಳಿದ ಬಯಲು ಹುಲ್ಲುಗಾವಲಿನಲ್ಲಿ, ದುಡಿದಾಗ ಕಣ್ಣು ತೆರೆಯಿತು. ದನ ಮೇಯದ ಕಡೆಯೆಲ್ಲ ಮುಳ್ಳೆದ್ದಿದೆ; ಸಗಣಿ ಬಿದ್ದಲ್ಲಿ ಮಾತ್ರ ಹುಲ್ಲು. ನೀವು ಹಾಕಿಕೊಟ್ಟ ಪದ್ಧತಿಯನ್ನೂ ಕಲಿತೆ: ಹುಟ್ಟಿದ ಮೂರನೆಯ ದಿನ ಕರುವಿನ ಕಿವಿಯಲ್ಲಿ ಹೆಸರು ಹೇಳುವುದು. ಆಮೇಲೆ ಎಷ್ಟೇ ದೂರದಿಂದ ಕೂಗಿದರೂ ಆ ಹೆಸರಿನದೇ ಬರುತ್ತದೆ. ಈ ಕಾವಲಿನ ಅರವತ್ನಾಲ್ಕು ದನಗಳ ಹೆಸರೂ ನನಗೆ ಬಾಯಿಪಾಠವಾದವು.

ಚೆನ್ನಾಗಿ ಮಾತಾಡುತ್ತೇನೆಂದು ದನಗಾರರೆಲ್ಲ ನನ್ನನ್ನೇ ಬಾಯಾಳು ಮಾಡಿದರು. ಅವರ ಪರವಾಗಿ ಸಭೆಯಲ್ಲಿ ವಾದಿಸುವವರನ್ನು ಹಾಗೆನ್ನುತ್ತಾರೆ. ಅರವತ್ನಾಲ್ಕಕ್ಕೂ ನೀರು ಕೇಳಲು ಮದುವೆಯ ಹನ್ನೊಂದನೆಯ ದಿನ ಹೋದೆ. ಹುಲ್ಲಿನ ಕಥೆ ಹೇಳಿದೆ, ಮುಳ್ಳಿನ ಚಿತ್ರ ತೋರಿಸಿದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಪಾಲೇಶ ನೋಡುತ್ತಿದ್ದ, ನನಗೆ ಹುಮ್ಮಸ್ಸು. ನಮ್ಮ ದನ ಕರೆದರೆ ಬರುತ್ತವೆ ಎಂದು ಬೀಗಿ, ಹೊರಗಿದ್ದ ಕೂಚಿ ಎಂಬ ಹಸುವನ್ನು ಕೂಗಿದೆ. ಅದು ಮೆಟ್ಟಿಲು ಹತ್ತಿ ಒಳಗೇ ಬಂತು! ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಇಪ್ಪತ್ತಕ್ಕೆ ಮಾತ್ರ ನೀರು ಕೊಟ್ಟಿತು, ಆ ಇಪ್ಪತ್ತನ್ನು ತಾನೇ ಆರಿಸಿತು. ಉಳಿದವು ಮರುದಿನ ಮಧ್ಯಾಹ್ನದೊಳಗೆ ಬಿಳಿದೊಡ್ಡಿಗೆ. ಒಳಗೆ ಹೋದ ದನ ಮಲಗಿ ಮತ್ತೆ ಏಳದ ಜಾಗ ಅದು.

"ಕರೆದರೆ ಬರುತ್ತವೆ ಎಂದವರು ನೀವೇ ಅಲ್ಲವೇ ತಾಯಿ? ಹಾಗಾದರೆ ಕರೆಯಿರಿ. ಅವಕ್ಕೆ ಗಾಬರಿಯಾಗಬಾರದು ನೋಡಿ," ಎಂದರು ಅಧ್ಯಕ್ಷರು. ಕರೆಯದಿದ್ದರೆ ಇಪ್ಪತ್ತರ ನೀರೂ ಇಲ್ಲ.

ದೊಡ್ಡಿಯ ಬಾಗಿಲಲ್ಲಿ, ನನ್ನ ಬದಲು ನೀವೇ ಕೂಗಿ ಎಂದು ಅತ್ತೆಯ ಕೈ ಹಿಡಿದೆ. ಅತ್ತೆ ಬೋರಮ್ಮ ನನ್ನ ಮುಖವನ್ನೂ ನೋಡಲಿಲ್ಲ. "ಅಲ್ಲಿ ಅಷ್ಟು ಚೆಂದಾಗಿ ಕೂಗ್ದಲ್ಲೇ? ಇಲ್ಲೂ ಕೂಗು. ಬಾಯಿ ಇರೋಳು ನೀನೇಯ," ಎಂದರು.

ಕೂಗಿದೆ. ನಲವತ್ನಾಲ್ಕು ಹೆಸರಿನಲ್ಲಿ ಒಂದನ್ನೂ ಬಿಡಲಿಲ್ಲ, ಅಜ್ಜಿ. ಚಂದ್ರಿ ಎಂಬ ಹಸು ಓಡಿಯೇ ಬಂತು. ಕೂಚಿ ಬಾಗಿಲಲ್ಲಿ ನಿಂತು, ಉಪ್ಪಿದೆಯೇ ಎಂದು ನನ್ನ ಅಂಗೈ ನೆಕ್ಕಿ ನೋಡಿತು. ಇರಲಿಲ್ಲ. ಒಳಗೆ ಹೋಯಿತು.

ಕೆಲಸ ಸಲೀಸಾಯಿತೆಂದು ಸಭೆ ಹೊಗಳಿ ಬರೆದಿದೆ. ಉಳಿದ ಏಳು ಕಾವಲುಗಳಿಗೂ ನಾನು ಹೋಗಿ ಅಲ್ಲಿನವರಿಗೆ ಕೂಗುವುದನ್ನು ಕಲಿಸಬೇಕಂತೆ. ಪಾಲೇಶ ನನ್ನ ಮೇಲೆ ಕೋಪಿಸಿಕೊಂಡಿಲ್ಲ. ನಗುತ್ತಾನೆ ಕೂಡ. ಆದರೆ ಎಡಗಣ್ಣು ಮುಚ್ಚುವುದಿಲ್ಲ. ಉಳಿದ ಇಪ್ಪತ್ತು ದನ ಈಗಲೂ ನಾನು ಕರೆದರೆ ಬರುತ್ತವೆ. ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ನಾಳೆ ಒಂದು ಕರುವಿಗೆ ಮೂರನೆಯ ದಿನ. ಹೆಸರು ಹೇಳಬೇಕಾದವಳು ನಾನೇ, ಹೊಸ ಸೊಸೆ. ಅದಕ್ಕೇ ಈ ಕಾಗದ. ಹತ್ತಿರ ಬಾ ಎನ್ನುವ ಕೂಗೊಂದನ್ನು ನಮಗೆ ಬಿಟ್ಟುಹೋದಿರಿ. ನಿಮಗಿನ್ನೂ ಸಮಯವಿದೆ, ಅಜ್ಜಿ. ಓಡಿಹೋಗು ಎನ್ನುವ ಕೂಗೊಂದನ್ನೂ ನಿಮ್ಮ ಮಗಳಿಗೆ ಕಲಿಸಿ. ಬೆಳಗಾಗುವಷ್ಟರಲ್ಲಿ ಅದು ನನ್ನವರೆಗೆ ಬಂದು ಮುಟ್ಟಲಿ.

ನಿಮ್ಮ ಸೊಸೆ,
ಮುದ್ದಕ್ಕ