ಎರಡು ಹೋಳಾದ ರೇಡಿಯೋಗ್ರಾಮು

ಅಪ್ಪಾ,

ನಿನ್ನ ರೇಡಿಯೋಗ್ರಾಮನ್ನು ಮಾರಿಬಿಟ್ಟೆ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಈಗಲೇ ಬೈದು ಮುಗಿಸು. ಅದರ ಗುಂಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದವನು ನೀನು. ನಾನು ಅದರ ಹೊಟ್ಟೆಯೊಳಗೇ ಕೈಹಾಕಿ, ಒಂದೊಂದು ತಂತಿ ಬಿಚ್ಚಿ ಕಟ್ಟಿ, ಕೊಲ್ಲಾಪುರದ ಒಬ್ಬ ಹೋಟೆಲಿನವನಿಗೆ ಕೊಟ್ಟು ಕಳಿಸಿದ್ದೇನೆ. ಈಗ ಬಂದು ಮುರಿಯುತ್ತೀಯಾ?

ಅದು ಐನಾಪುರದ ನಮ್ಮ ಮನೆಗೆ ಬಂದ ದಿನ ನಿನಗೆ ನೆನಪಿರಲೇಬೇಕು. ಉಗಾರದ ಸಕ್ಕರೆ ಕಾರ್ಖಾನೆಯ ಎಂಜಿನಿಯರ್ ಸಾಹೇಬರು ನಿವೃತ್ತರಾಗಿ ಊರು ಬಿಡುವಾಗ ನಿನಗೆ ಕೊಟ್ಟದ್ದು. ಕಬ್ಬಿನ ಗಾಡಿಯಲ್ಲಿ ಕೆಳಗೆ ಒಣ ಸೋಗೆಯ ರವದಿ ಹಾಸಿ, ಮೇಲೆ ಕಂಬಳಿ ಹೊದಿಸಿ ತಂದೆ. ಎಡಕ್ಕೆ ರೆಕಾರ್ಡು ತಿರುಗುವ ತಟ್ಟೆ, ಬಲಕ್ಕೆ ರೇಡಿಯೋ, ನಡುವೆ ದೊಡ್ಡ ಸ್ಪೀಕರು. ಮಲ್ಲಪ್ಪಣ್ಣ ಒಂದು ರೆಕಾರ್ಡಿಗೆ ಗೀರು ಬೀಳಿಸಿದಾಗ ಎತ್ತಿನ ಬಾರುಕೋಲು ತೆಗೆದುಕೊಂಡು ಹೊಡೆದೆಯಲ್ಲ, ಅಂಗಿ ಬೆನ್ನಿನ ರಕ್ತಕ್ಕೆ ಅಂಟಿಕೊಂಡಿತ್ತು. ಒಳಗೆ ಅವ್ವ ಎಣ್ಣೆ ಹಚ್ಚುತ್ತಿದ್ದರೆ ಹೊರಗೆ ನಿನ್ನ ಹಾಡು ನಡೆದೇ ಇತ್ತು. ಸಣ್ಣವನೆಂದು ಬಸುವನ್ನು ಮಾತ್ರ ತೊಡೆಯ ಮೇಲೆ ಕೂರಿಸಿಕೊಂಡು ಕೇಳಿಸುತ್ತಿದ್ದೆ. ಆಮೇಲೆ ಹರಿದ ರಕ್ತಕ್ಕೆಲ್ಲ ಮೊದಲ ಕಾರಣ ನೀನೇ. ಸಿಟ್ಟು ಬಂತೇ? ಬರಲಿ.

ನೀನು ತೀರಿಕೊಂಡ ವರ್ಷವೇ ಇಬ್ಬರೂ ಆಸ್ತಿಯ ವಾಟ್ನಿಗೆ ಕೂತರು. ಕಬ್ಬಿನ ಹೊಲ, ದ್ರಾಕ್ಷಿ ತೋಟ, ಪಂಪ್‌ಸೆಟ್ಟು, ಎಮ್ಮೆ ಎಲ್ಲ ಹಂಚಿಕೆಯಾಯಿತು. ನನಗೆ ಅರಿಷಿಣ ಕುಂಕುಮ ಹಚ್ಚಿ, ಸೀರೆ ಕೊಟ್ಟು, ಹಕ್ಕು ಬಿಟ್ಟೆನೆಂದು ಸಹಿ ಮಾಡಿಸಿಕೊಂಡರು. ಅಂಗಳದ ನಡುವೆ ಕಡೆಗೆ ಉಳಿದದ್ದು ನಿನ್ನ ಪೆಟ್ಟಿಗೆ.

“ಇದರ ಸಲುವಾಗಿ ಬೆನ್ನ ಹರಕೊಂಡಾಂವ ನಾ. ಇದು ನಂದ,” ಎಂದ ಅಣ್ಣ.

“ಅಪ್ಪ ತೊಡಿ ಮ್ಯಾಲ ಕುಂಡ್ರಿಸಿಕೊಂಡ ಕೇಳಿಸಿದ್ದು ನನಗ. ನಿನಗಲ್ಲ,” ಎಂದ ಬಸು.

ಮಧ್ಯಾಹ್ನವಾದರೂ ಇಬ್ಬರೂ ಜಗ್ಗಲಿಲ್ಲ. ಹಸಿದು ಬೇಸತ್ತ ಪಂಚರಲ್ಲಿ ಒಬ್ಬರು, “ಹಂಗಾದ್ರ ಕೊಯ್ದ ಅರ್ಧಾ ಅರ್ಧಾ ತಗೊಂಡ ಹೋಗ್ರಿ ಅತ್ಲಾಗ,” ಎಂದು ಎದ್ದುಬಿಟ್ಟರು.

ಅದು ಬೇಸರದ ಮಾತು, ಅಪ್ಪಾ. ನಿನ್ನ ಮಕ್ಕಳು ಅದನ್ನೇ ತೀರ್ಪು ಎಂದುಕೊಂಡರು! ಕರೆಸಿದ ಬಡಿಗೇರ ಕೈಮುಗಿದು ಒಲ್ಲೆ ಎಂದ. ಅವನ ಗರಗಸ ಕಸಿದುಕೊಂಡು, ನಡುವೆ ಗೀಟು ಎಳೆದು, ಅಣ್ಣನೇ ಕೊಯ್ಯಲು ಸುರು ಮಾಡಿದ. ಸ್ಪೀಕರಿನ ಕಬ್ಬಿಣಕ್ಕೆ ಹಲ್ಲು ತಾಗಿ ಕಿರುಚಿದಾಗ ಅದನ್ನು ಕೊಡಲಿಯಿಂದ ಹೊಡೆದು ಕಿತ್ತು ಬಿಸಾಕಿದ. “ಗೀಟ ನನ್ನ ಕಡಿ ಸರದೈತಿ, ನಿಂದರಸೋ!” ಎಂದು ಬಸು ಚೀರಿದ. ಅಣ್ಣ ನಿಲ್ಲಿಸಲಿಲ್ಲ. ಬಸು ಒಳಗೆ ಹೋಗಿ ಕಬ್ಬು ಕಡಿಯುವ ಕೊಯ್ತಾ ತಂದ. ಪೆಟ್ಟಿಗೆಯನ್ನು ಒತ್ತಿ ಹಿಡಿದಿದ್ದ ಅಣ್ಣನ ಎಡಗೈ ಮೇಲೆ ಅದು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಎರಡು ಬೆರಳು ಮರದ ಪುಡಿಯಲ್ಲಿ ಬಿದ್ದವು. ಒಂದು ಕೋಳಿ ಓಡಿ ಬಂತು, ನಾನು ಚಪ್ಪಲಿ ಎಸೆದು ಓಡಿಸಿದೆ. ಇಷ್ಟಾದರೂ ನಿನ್ನ ಹಿರಿಮಗ ಏನು ಮಾಡಿದ ಗೊತ್ತೇ? ಕೈಗೆ ಟವೆಲ್ ಸುತ್ತಿಕೊಂಡು ಉಳಿದದ್ದನ್ನು ಕೊಯ್ದು ಮುಗಿಸಿ, ಆಮೇಲೆ ಮಿರಜದ ಆಸ್ಪತ್ರೆಗೆ ಹೊರಟ. ಕಬ್ಬು ಕಡಿಯುವಾಗ ಬೆರಳು ಹೋದವು ಎಂದು ಊರ ಹಿರಿಯರು ಪೊಲೀಸರಿಗೆ ಹೇಳಿ ಮುಚ್ಚಿಹಾಕಿದರು.

ಮುಂದಿನ ವರ್ಷಗಳನ್ನು ನೀನು ನೋಡಲಿಲ್ಲ, ಪುಣ್ಯವಂತ. ಅಣ್ಣನ ಪಡಸಾಲೆಯಲ್ಲಿ ರೇಡಿಯೋದ ಅರ್ಧ, ಗೋಡೆಯಾಚೆ ಬಸುವಿನ ಪಡಸಾಲೆಯಲ್ಲಿ ತಟ್ಟೆಯ ಅರ್ಧ. ಎರಡೂ ಮೂಕ. ಹೊಲಕ್ಕೆ ನೀರು ಬಿಡುವ ಪಾಳಿಗೆ ಜಗಳ ಹತ್ತಿದರೂ ಕಡೆಗೆ ಅದೇ ಮಾತು: ನಿನ್ನ ಅರ್ಧ ಕೊಡು, ಇಲ್ಲ ತಲೆ ಕೊಡು. ಅಣ್ಣ ಬಸುವಿನ ಕಾಯಿ ಹಿಡಿದ ದ್ರಾಕ್ಷಿ ಬಳ್ಳಿಗಳನ್ನು ಬುಡಕ್ಕೇ ಕಡಿದ. ಬಸು ಕಲ್ಲು ಬೀಸಿ ಅಣ್ಣನ ಎತ್ತಿನ ಕಾಲು ಮುರಿದ. ಒಂದು ದಿನ ಅಣ್ಣ ನನಗೆ ಫೋನ್ ಮಾಡಿ, “ಗೌರಾ, ಈ ಹಂಗಾಮ ಮುಗಿಯೂದ್ರಾಗ ಅವನ್ನ ಕಡದ ಹಾಕ್ತೀನಿ. ನಿನಗ ಹೇಳಿರಬೇಕಂತ ಹೇಳೀನಿ,” ಎಂದ. ಸದಾ ಒದರಾಡುವ ಅಣ್ಣ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಆ ಪೆಟ್ಟಿಗೆ ಎರಡೂ ಮನೆಯಿಂದ ಹೊರಗೆ ಹೋಗದಿದ್ದರೆ ಒಂದು ಮನೆಯಿಂದ ಹೆಣ ಹೋಗುವುದು ಖಾತ್ರಿಯಾಯಿತು.

ಮರುದಿನವೇ ನನ್ನ ಗಂಡನ ಊರು ಉಗಾರದಿಂದ ಟೆಂಪೋ ಮಾಡಿಕೊಂಡು ಬಂದೆ. ಅಣ್ಣ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ, ವೈನಿ, ತಾನೇ ಒಂದು ಕೈ ಹಚ್ಚಿ, “ಒಯ್ಯಬೇ ಯವ್ವಾ, ಸುಡಗಾಡಿಗೆ ಹಾಕ ಇದನ್ನ,” ಎಂದಳು. ಬಸು ಮಾತ್ರ ಬಾಗಿಲಿಗೆ ಅಡ್ಡ ನಿಂತ. “ಒಳಗ ಕಾಲಿಟ್ರ ಕಾಲ ಮುರೀತೀನಿ ನೋಡಕ್ಕಾ!” ಎಂದ. ಪಂಪು ಬಿಚ್ಚುವ ದೊಡ್ಡ ಪಾನಾ ನನ್ನ ಕೈಯಲ್ಲಿತ್ತು. ಅವನ ಮೊಣಕಾಲಿಗೇ ಬಾರಿಸಿದೆ. ಅಯ್ಯಯ್ಯೋ ಎಂದು ಕೂತುಬಿಟ್ಟ. ಅವನನ್ನು ದಾಟಿಕೊಂಡು ಹೋಗಿ ಎತ್ತಿಸಿಕೊಂಡು ಬಂದೆ. ಏನು ಮಾಡಲಿ, ಅವರಷ್ಟೇ ನಿನ್ನ ಮಕ್ಕಳಲ್ಲವಲ್ಲ.

ನನ್ನ ಕೆಲಸ ನೀನು ಒಮ್ಮೆಯೂ ನೋಡಲು ಬರಲಿಲ್ಲ. ನನ್ನ ಮನೆಯವರು ಹೊಲಗಳಿಗೆ ಹೋಗಿ ಸುಟ್ಟ ಪಂಪಿನ ಮೋಟರು ತರುತ್ತಾರೆ, ಉಗಾರದ ಅಂಗಡಿಯಲ್ಲಿ ಕೂತು ಅವಕ್ಕೆ ಹೊಸ ತಾಮ್ರದ ತಂತಿ ಸುತ್ತುವವಳು ನಾನು. ಅಣ್ಣ ತನ್ನ ಅರ್ಧಕ್ಕೇ ಕರೆಂಟು ಕೊಟ್ಟು ನೋಡಿದ್ದನಂತೆ, ಒಳಗಿನ ಟ್ರಾನ್ಸ್‌ಫಾರ್ಮರು ಕರಕಲಾಗಿತ್ತು. ಅರ್ಧ ರೇಡಿಯೋ ಹಾಡುತ್ತದೆಂದು ಯಾರಾದರೂ ಕಾಯುತ್ತಾರೆಯೇ? ಅದರ ಹಳೆಯ ಸುತ್ತು ಎಣಿಸಿಕೊಂಡು ಬಿಚ್ಚಿ, ಅಷ್ಟೇ ಸುತ್ತು ಹಾಕಿದೆ. ಸ್ಪೀಕರು, ವಾಲ್ವುಗಳು ಮಿರಜದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು. ಕಷ್ಟವಾದದ್ದು ಮರದ್ದು. ಗರಗಸ ತಿಂದಷ್ಟು ಮರ ಪುಡಿಯಾಗಿ ಹೋಗಿತ್ತಲ್ಲ, ಎರಡು ಹೋಳು ಒತ್ತಿ ಹಿಡಿದರೆ ಮುಚ್ಚಳ ಕೂಡಲೊಲ್ಲದು. ನಡುವೆ ಬೆರಳಗಲದ ಸಾಗವಾನಿ ಪಟ್ಟಿ ಕೂರಿಸಿ, ಒಳಗಿನಿಂದ ಬಿಗಿದು, ಪಾಲಿಶ್ ಕುಡಿಸಿದೆ. ಬಸುವಿನ ಹೋಳಿನ ಅಂಚಿಗೆ ರಕ್ತ ಕಪ್ಪಾಗಿ ಹತ್ತಿತ್ತು. ಮರಳು ಕಾಗದ ಹಾಕಿ ಉಜ್ಜುತ್ತಾ ನಿನ್ನನ್ನು ಎಷ್ಟು ಬೈದೆನೋ... ಬೈಯುತ್ತಲೇ ಅತ್ತೆ. ಕೊನೆಗೆ ಸೂಜಿ ಇಟ್ಟಾಗ ಅದು ಹಾಡಿತು, ಅಪ್ಪಾ. ನಿನ್ನ ಮನೆಯಲ್ಲಿ ಹಾಡಿದ್ದಕ್ಕಿಂತ ಚೆಂದ ಹಾಡಿತು.

ರಿಪೇರಿಯಾದರೆ ತನಗೇ ಬರುತ್ತದೆಂದು ಇಬ್ಬರೂ ಅಲ್ಲಿಯವರೆಗೆ ಕಾದಿದ್ದರು. ವಾಟ್ಸಾಪಿನಲ್ಲಿ ಫೋಟೋ ನೋಡಿ ಕೊಲ್ಲಾಪುರದವನು ಗಾಡಿ ಸಮೇತ ಬಂದ ದಿನ, ಸುದ್ದಿ ಹೇಗೆ ಹೋಯಿತೋ, ಇಬ್ಬರೂ ಬೇರೆ ಬೇರೆ ದಾರಿಯಿಂದ ಬಂದು ಅಂಗಡಿಗೆ ನುಗ್ಗಿದರು. ಈಗ ಒಬ್ಬರ ಮೇಲೊಬ್ಬರು ಬೀಳುತ್ತಾರೆಂದು ನಾನು ನಡುವೆ ನಿಂತೆ. ಬಿದ್ದದ್ದು ನನ್ನ ಮೇಲೆ!

“ಹೆಣ್ಮಗಳ ನೀ. ಅಪ್ಪನ ಸಾಮಾನ ಮಾರಾಕ ನೀ ಯಾರಬೇ?” ಎಂದು ಅಣ್ಣ ಕೆನ್ನೆಗೆ ಬಾರಿಸಿದ. ತುಟಿ ಒಡೆದು, ಹಲ್ಲೊಂದು ಅಲುಗಿ, ಬಾಯಿ ಉಪ್ಪಾಯಿತು. “ಇನ್ನೊಂದ ಹಾಕಣ್ಣಾ!” ಎಂದು ಬಸು ನನ್ನ ಗಾಜಿನ ಕಪಾಟಿಗೆ ಒದ್ದ. ಎಷ್ಟು ವರ್ಷದ ಮೇಲೆ ಅವನ ಬಾಯಲ್ಲಿ ಅಣ್ಣಾ ಎಂಬ ಶಬ್ದ! ನಾನು ಗರಗಸ ತಂದು ಪೆಟ್ಟಿಗೆಯ ಮೇಲೆ ಇಟ್ಟೆ.

“ಬಲಗಡಿದು ನಿಂದ, ಎಡಗಡಿದು ಅವಂದ. ನಡುವಿನ ಪಟ್ಟಿ ನಂದ. ನನ್ನ ಪಟ್ಟಿಗಿ ಗೀರ ಬೀಳದಂಗ ಕೊಯ್ಕೊಂಡ ಹೋಗ್ರಿ.”

ಅಣ್ಣ ಎಡಗೈಯನ್ನು ಕಿಸೆಯೊಳಗೆ ಇಳಿಸಿದ. ಬಸು ಒಂದು ಹೆಜ್ಜೆ ಹಿಂದೆ ಸರಿದ. ಕೊಲ್ಲಾಪುರದವನ ಆಳುಗಳು ಅವರಿಬ್ಬರ ನಡುವಿನಿಂದಲೇ ಪೆಟ್ಟಿಗೆ ಎತ್ತಿಕೊಂಡು ಹೋದರು. ಬಂದ ದುಡ್ಡು ಒಡೆದ ಕಪಾಟಿಗೆ, ನನ್ನ ಹಲ್ಲಿಗೆ ಸರಿಹೋಯಿತು.

ಈಗ ಇಬ್ಬರೂ ಸೇರಿ, ಅಪ್ಪನ ರೇಡಿಯೋಗ್ರಾಮು ಕದ್ದು ಮಾರಿದ್ದೇನೆಂದು ಅಥಣಿ ಕೋರ್ಟಿನಲ್ಲಿ ನನ್ನ ಮೇಲೆ ಕೇಸು ಹಾಕಿದ್ದಾರೆ. ತಾರೀಖಿಗೆ ಒಂದೇ ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ. ಕ್ಲಚ್ಚು ಹಿಡಿಯಲು ಅಣ್ಣನಿಗೆ ಬೆರಳಿಲ್ಲ. ಬಸು ಗಾಡಿ ಹೊಡೆಯುತ್ತಾನೆ, ಅಣ್ಣ ಹಿಂದೆ ಕೂತು ಅವನ ಹೆಗಲು ಹಿಡಿದಿರುತ್ತಾನೆ. ಕೋರ್ಟಿನ ಎದುರಿಗೆ ಒಂದು ಚಹಾ ತೆಗೆದುಕೊಂಡು, ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಬಗ್ಗಿಸಿಕೊಂಡು, ಇಬ್ಬರೂ ಕುಡಿಯುತ್ತಾ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ನಾನು ಬೇವಿನ ಗಿಡದ ಕೆಳಗೆ ನಿಂತು ಕೇಳುತ್ತೇನೆ.

“ರಾಜಿ ಮಾಡ್ಕೋರಿ ಬಾಯಾರ, ಒಂದ ತಾರೀಖಿನ್ಯಾಗ ಮುಗೀತೈತಿ,” ಎಂದು ನನ್ನ ವಕೀಲರು ಪ್ರತಿ ಸಲ ಹೇಳುತ್ತಾರೆ. ನಾನು ಒಲ್ಲೆ ಎನ್ನುತ್ತೇನೆ. ಅವರಿಗೆ ನಾನು ಹಟಮಾರಿಯಾಗಿ ಕಂಡಿರಬೇಕು. ಕಾಣಲಿ. ನಿನಗೆ ಮಾತು ಕೊಡುತ್ತೇನೆ ಅಪ್ಪಾ, ನನ್ನ ಉಸಿರಿರುವವರೆಗೆ ಈ ಕೇಸನ್ನು ಮುಗಿಯಗೊಡುವುದಿಲ್ಲ.

ನಿನ್ನ ಮಗಳು,
ಗೌರಾ