ಮೂರನೇ ಸಾಲಿನ ಸೀಟು

ಜೂನ್ 3, ಸೋಮವಾರ

ಬಸ್ಸು ಇವತ್ತೂ ಹತ್ತು ನಿಮಿಷ ಲೇಟು. ಕೊನೆಯ ಸಾಲಿನಲ್ಲೇ ಕೂತೆ, ಎಂದಿನಂತೆ. ಹೊಸಪೇಟೆಯಿಂದ ಸಂಡೂರಿನವರೆಗೆ ಒಂದೊಂದು ಗುಂಡಿಯೂ ನನ್ನ ಸೊಂಟಕ್ಕೆ ಪರಿಚಯ. ಗಣಿಯ ವೇಬ್ರಿಡ್ಜ್‌ನಲ್ಲಿ ಆರು ವರ್ಷದಿಂದ ಅದಿರು ಲಾರಿಗಳ ತೂಕ ಬರೆಯುತ್ತಿದ್ದೇನೆ. ಆರು ವರ್ಷವೂ ಇದೇ ಸ್ಟಾಫ್ ಬಸ್ಸು, ಇದೇ ಕೆಂಪು ಧೂಳು.

ಎಡಗಡೆ ಮೂರನೇ ಸಾಲಿನ ಕಿಟಕಿ ಸೀಟಿನಲ್ಲಿ ಸ್ಟೋರ್ಸ್‌ನ ಸುನಿತಾ. ಏಳು ತಿಂಗಳು. ಆ ಸೀಟು ಬಸುರಿಯರದು. ಎಲ್ಲೂ ಬರೆದಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಅಲ್ಲಿ ಕುಲುಕಾಟ ಕಡಿಮೆ ಅಂತ. ಬಸ್ಸಿನಲ್ಲಿ ಬಸುರಿ ಇಲ್ಲದಿದ್ದರೆ ಖಾಲಿಯೇ ಬರುತ್ತದೆ, ನಿಂತವರಿದ್ದರೂ. ಒಂದೇ ನಿಯಮ — ಹೊಟ್ಟೆ ಕಾಣಬೇಕು, ಆಮೇಲೆ ಕೂರಬೇಕು.

ನಾನು ಮೂರು ಸಲ ಬಸುರಿಯಾದೆ. ಒಂದು ದಿನವೂ ಅಲ್ಲಿ ಕೂರಲಿಲ್ಲ. ಹೊಟ್ಟೆ ಕಾಣುವಷ್ಟು ದಿನ ಯಾವುದೂ ಉಳಿಯಲಿಲ್ಲ. ಮೊದಲನೆಯದು ಎಂಟು ವಾರ. ಎರಡನೆಯದು ಹನ್ನೊಂದು ವಾರ ಒಂದು ದಿನ. ಮೂರನೆಯದು ಒಂಬತ್ತು ವಾರ — ಈ ಫೆಬ್ರುವರಿಯಲ್ಲಿ. ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ. ರಜೆ ಅರ್ಜಿಯಲ್ಲಿ ವೈರಲ್ ಫೀವರ್ ಅಂತ ಬರೆದೆ. ಮೂರು ಸಲವೂ ವೈರಲ್ ಫೀವರ್. ಸೊಳ್ಳೆಗಳೆಲ್ಲ ನನ್ನ ಮೇಲೇ ಬಿದ್ದಿವೆ ಅಂದುಕೊಂಡಿರಬೇಕು ಆಫೀಸಿನವರು.

ಜೂನ್ 9, ಭಾನುವಾರ

ಕಂಪ್ಲಿಗೆ ಹೋಗಿ ಬಂದೆವು. ಅತ್ತೆ ಮನೆಯಲ್ಲಿ ನಾದಿನಿ ಕಾವ್ಯಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಚೆಂದ ಕಾಣುತ್ತಿದ್ದಳು. ನನಗೆ ಹೊಟ್ಟೆಕಿಚ್ಚೂ ಆಯಿತು. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು...

ಮುತ್ತೈದೆಯರು ಉಡಿ ತುಂಬಲು ಸಾಲಾಗಿ ನಿಂತರು. ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಇಟ್ಟ ತಟ್ಟೆ ಹಿಡಿದು ನಾನೂ ನಿಂತೆ. ಅತ್ತೆ ಬಂದು ತಟ್ಟೆ ತೆಗೆದುಕೊಂಡರು. ಗದರಲಿಲ್ಲ. ಮೆಲ್ಲಗೆ ಹೇಳಿದರು.

"ತ್ರಿವೇಣಿ, ನೀ ಒಳಗ ಹೋಗಿ ಚಿತ್ರಾನ್ನ ನೋಡ್ಕೋ ಹೋಗವ್ವ. ಇದು ಬ್ಯಾಡ ನಿನಗ."

"ಯಾಕ್ರಿ ಅತ್ತಿ?"

"ಯಾಕ ಅಂತ ಕೇಳಬ್ಯಾಡ. ಮಂದಿ ನೋಡಾಕತ್ತಾರ."

ಹೋದೆ. ಹೋಗಿ ಚಿತ್ರಾನ್ನ ಕಲಸಿದೆ. ಸಿಟ್ಟು ಅದಕ್ಕೇ. ಅವರು ಅಂದದ್ದಕ್ಕಿಂತ ನಾನು ಹೇಳಿದಂತೆ ಕೇಳಿ ಒಳಗೆ ಹೋದದ್ದಕ್ಕೆ. ದಿನವೂ ಲಾರಿ ಡ್ರೈವರುಗಳ ಜೊತೆ ದನಿ ಏರಿಸಿ ಜಗಳವಾಡುವವಳು ನಾನು. ಒಂದು ತಟ್ಟೆ ಬಿಗಿಯಾಗಿ ಹಿಡಿದುಕೊಳ್ಳಲಾಗಲಿಲ್ಲ.

ಬೈಕಿನಲ್ಲಿ ವಾಪಸು ಬರುವಾಗ ಈಶ್ವರ್ ಒಂದು ಮಾತೂ ಆಡಲಿಲ್ಲ. ಹಂಪಿಯಲ್ಲಿ ಗೈಡ್ ಇವರು. ಕಲ್ಲುಗಳ ಪರವಾಗಿ ದಿನಕ್ಕೆ ನಾಲ್ಕು ತಾಸು ಮಾತಾಡುತ್ತಾರೆ. ಹೆಂಡತಿಯ ಪರವಾಗಿ ನಾಲ್ಕು ಅಕ್ಷರ ಬರಲಿಲ್ಲ.

ಜೂನ್ 22, ಶನಿವಾರ

ಹೊಸ ಡಾಕ್ಟರ್. ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು. ಬೆಂಗಳೂರಿಗೆ ಕಳಿಸಿದ್ದ ರಕ್ತದ ರಿಪೋರ್ಟ್‌ಗಳೆಲ್ಲ ಬಂದಿವೆ. ಥೈರಾಯ್ಡ್ ನಾರ್ಮಲ್, ಗರ್ಭಕೋಶ ನಾರ್ಮಲ್, ಇಬ್ಬರ ಕ್ರೋಮೋಸೋಮೂ ನಾರ್ಮಲ್. ಖುಷಿಪಡಬೇಕಿತ್ತು. ಟೇಬಲ್ ಗುದ್ದಬೇಕು ಅನ್ನಿಸಿತು. ಕಾರಣ ಅಂತ ಒಂದಿದ್ದರೆ ಅದರ ಜೊತೆ ಹೊಡೆದಾಡಬಹುದಿತ್ತು.

ಅತ್ತೆಯ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಪಪ್ಪಾಯಿ, ಗ್ರಹಣ, ಬಸ್ಸಿನ ಕುಲುಕಾಟ, ನೌಕರಿ.

"ಬಸ್ ಕುಲುಕಿದ್ರೆ ಗರ್ಭ ಹೋಗಲ್ಲ ತ್ರಿವೇಣಿ. ನೀವು ಏನೋ ಮಾಡಿದ್ದಕ್ಕೆ ಆಗಿದ್ದಲ್ಲ ಇದು." ಫೈಲು ಮುಚ್ಚಿಟ್ಟು ಕೇಳಿದರು, "ಪ್ರತಿ ಸಲ ಸ್ಕ್ಯಾನ್ ರೂಮಲ್ಲಿ ನಿಮ್ಮ ಜೊತೆ ಯಾರಿದ್ರು?"

ಯೋಚಿಸಿದೆ. ಈಶ್ವರ್ ಬೈಕ್ ಪಾರ್ಕ್ ಮಾಡುತ್ತಿದ್ದರು. ಮೂರು ಸಲವೂ. ಅಷ್ಟು ಹೊತ್ತು ಪಾರ್ಕ್ ಮಾಡಲು ಅದೇನು ಹದಿನಾರು ಗಾಲಿಯ ಲಾರಿಯೇ?

"ಯಾರೂ ಇಲ್ಲ" ಅಂದೆ.

"ಮುಂದಿನ ಸಲ ಮೊದಲನೇ ವಾರವೇ ಯಾರಿಗಾದ್ರೂ ಹೇಳಿ. ವಾರಕ್ಕೊಮ್ಮೆ ಇಲ್ಲಿಗೆ ಬನ್ನಿ. ಹೆದರಿಕೆ ಆದ್ರೆ ಮಧ್ಯದಲ್ಲೂ ಬನ್ನಿ. ಕಾರಣ ಸಿಗದೇ ಇದ್ದವರಲ್ಲಿ ಎಷ್ಟೋ ಜನಕ್ಕೆ ಮುಂದಿನ ಸಲ ಉಳಿದಿದೆ."

ಇನ್ನು ಸಾಕು ಅನ್ನಿಸಿಕೊಂಡು ಬರೋಣ ಅಂತ ಹೋದವಳು ನಾನು. 'ಮುಂದಿನ ಸಲ' ಅಂದುಬಿಟ್ಟರು. ಅದೂ ಎರಡು ಸಲ.

ಜುಲೈ 8, ಸೋಮವಾರ

ಮುಟ್ಟಾಯಿತು. ಆಗಲಿ. ಮತ್ತೆ ನೋಡೋಣ.

ಆಗಸ್ಟ್ 12, ಸೋಮವಾರ, ಬೆಳಿಗ್ಗೆ 5:40

ಎರಡು ಗೆರೆ.

ಮೊದಲ ಸಲ ಕುಣಿದಿದ್ದೆ. ಈ ಸಲ ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ. ಆಸೆಪಡಲು ಹೆದರಿಕೆ. ಆಸೆಪಡದೆ ಇರಲೂ ಆಗುತ್ತಿಲ್ಲ.

ಈಶ್ವರ್‌ಗೆ ತೋರಿಸಿದೆ. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಯಾರಿಗೂ ಹೇಳಬ್ಯಾಡ ತ್ರಿವೇಣಿ. ಮೂರು ತಿಂಗಳ ತುಂಬಲಿ."

"ಯಾಕ ಮುಚ್ಚಿಡಬೇಕ್ರಿ?"

"ಮತ್ತ ಹೋದ್ರ? ಎಲ್ಲಾರಿಗೂ ಉತ್ತರ ಹೇಳ್ಕೋತ ತಿರುಗಬೇಕು."

"ಹೋದ್ರ ಜೋಡಿ ಕುಂತು ಅಳಾಕ ನಾಕು ಮಂದಿ ಆದ್ರೂ ಇರ್ತಾರ. ಇಲ್ಲೀತನ ಯಾರಿದ್ರು ಹೇಳ್ರಿ?"

ಚಹಾ ಕುಡಿಯದೆ ಹಂಪಿಗೆ ಹೋದರು. ಎರಡು ಲೋಟವನ್ನೂ ನಾನೇ ಕುಡಿದೆ.

ಆಗಸ್ಟ್ 19, ಸೋಮವಾರ

ಕೂತೆ!

ಸುನಿತಾ ಹೆರಿಗೆ ರಜೆಗೆ ಹೋಗಿ ಎರಡು ವಾರ. ಮೂರನೇ ಸಾಲು ಖಾಲಿ ಇತ್ತು. ಬಸ್ ಹತ್ತಿದವಳು ನೇರ ಹೋಗಿ ಕಿಟಕಿ ಪಕ್ಕ ಕೂತೆ. ಡ್ರೈವರ್ ಯಲ್ಲೇಶ್ ಕನ್ನಡಿಯಲ್ಲಿ ನೋಡಿದ. ಪಾಪ, ಅವನಿಗೇ ನಾಚಿಕೆ.

"ಮೇಡಮ್ಮಾರ, ಆ ಸೀಟು... ಅದು..."

"ಗೊತ್ತೈತಪ್ಪ. ಅದಕ್ಕ ಕುಂತೀನಿ. ಆರು ವಾರ ಆಗ್ಯಾವ."

ಹಿಂದಿನಿಂದ ಯಾರೋ ಅಂದರು, "ಆರು ವಾರಕ್ಕ ಯಾರರ ಹೇಳ್ತಾರೇನ್ ತಾಯಿ?"

ತಿರುಗಿದೆ. "ನಾ ಹೇಳ್ತೀನ್ರಿ. ಮೂರು ಹೋಗ್ಯಾವ, ಇದು ನಾಕನೇದು. ಇದು ಇರೂತನ ಇಲ್ಲೇ ಕುಂದ್ರತೀನಿ."

ಮಾತು ಹೊರಗೆ ಬಂತು.

ಕೊನೆಯ ಸಾಲಿನಲ್ಲಿ ಕೂತರೂ ಏನೂ ಆಗುವುದಿಲ್ಲ, ಡಾಕ್ಟರ್ ಹೇಳಿದ್ದಾರೆ. ಗೊತ್ತಿದ್ದೇ ಕೂತೆ. ಹೊಟ್ಟೆ ಕಂಡವಳು ಮಾತ್ರ ಬಸುರಿಯೇ? ಹಿಂದಿನ ಮೂರು ಸಲ ನಾನು ಏನಾಗಿದ್ದೆ ಹಾಗಾದರೆ?

ಪಕ್ಕದ ಸೀಟು ಮಾತ್ರ ಸಂಡೂರಿನವರೆಗೂ ಖಾಲಿ. ಯಾರೂ ಬರಲಿಲ್ಲ.

ಆಗಸ್ಟ್ 21, ಬುಧವಾರ

ನಿನ್ನೆಯೂ ಖಾಲಿ. ಇವತ್ತು ಕ್ಯಾಂಟೀನಿನ ಜಂಬಮ್ಮ ಬುತ್ತಿಗಂಟು ಸಮೇತ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಐವತ್ತೈದು ದಾಟಿರಬೇಕು. ಆರು ವರ್ಷದಲ್ಲಿ ಅವಳ ಹತ್ತಿರ ನಾನು ಆಡಿದ ಮಾತು 'ಒಂದು ಚಹಾ' ಅಷ್ಟೇ. ಬಸ್ಸು ಗುಡ್ಡ ಹತ್ತಲು ಶುರುಮಾಡಿದಾಗ ಮಾತು ತೆಗೆದಳು.

"ನಂದು ನಾಕು ಹೋಗ್ಯಾವ್ರಿ ಯವ್ವಾ. ಒಂದು ಏಳು ತಿಂಗಳದ್ದು. ಗಂಡಿತ್ತು. ಇಲ್ಲೀತನ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನಾ."

"ಮತ್ತ ಈಗ್ಯಾಕ ಹೇಳಾಕತ್ತೀರಿ?"

"ನೀವು ಇಡೀ ಬಸ್ಸಿನ್ಯಾಗ ಹೇಳಿದ್ರಲ್ಲ. ಮೂವತ್ತು ವರ್ಷ ನಾ ಯಾಕ ಹೊತಗೊಂಡು ತಿರುಗಿದೆ ಅಂತ ನನ್ನ ಮ್ಯಾಲೆ ನನಗ ಸಿಟ್ಟು ಬಂತ್ರಿ."

ಮುಂದಿನ ಸೀಟಿನಲ್ಲಿ ಅಕೌಂಟ್ಸ್‌ನ ಸುಮಲತಾ. ತಲೆ ತಿರುಗಿಸಲೂ ಇಲ್ಲ. ಕಿಟಕಿ ನೋಡುತ್ತಲೇ, "ನಂದೊಂದು" ಅಂದರು. "ಅವಳಿ ಹುಟ್ಟೂಕಿಂತ ಮದ್ಲ."

ಅವಳಿ ಮಕ್ಕಳ ಪೇಡೆ ತಿಂದಿದ್ದೆ ನಾನು. ಸುಮಲತಾ ಜೊತೆ ಸೀರೆ, ಸೀರಿಯಲ್ಲು, ಗಂಡಂದಿರ ಗೊರಕೆ, ಎಲ್ಲ ಮಾತಾಡಿ ಮುಗಿದಿದೆ. ಇದೊಂದು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ. ಬಸ್ ಇಳಿದು ಮೂವರೂ ಅತ್ತೆವು, ಅಲ್ಲೇ ಗೇಟಿನ ಹತ್ತಿರ. ವಾಚ್‌ಮನ್ ಗಾಬರಿಯಾಗಿ ನೀರಿನ ಬಾಟಲಿ ತಂದ.

ಆಗಸ್ಟ್ 25, ಭಾನುವಾರ

ಸುದ್ದಿ ಕಂಪ್ಲಿ ಮುಟ್ಟಿದೆ. ಅತ್ತೆ ಬಂದರು. ಚಪ್ಪಲಿ ಬಿಡುತ್ತಲೇ ಶುರು.

"ಮೂರು ತಿಂಗಳ ತುಂಬೂತನ ಬಾಯಿ ಮುಚ್ಚಿಕೊಂಡಿರಬೇಕು ಅಂತ ಗೊತ್ತಿಲ್ಲೇನು ನಿನಗ? ಇಡೀ ಬಸ್ಸಿಗೆ ಡಂಗುರ ಹೊಡದಿಯಂತ!"

"ಮೂರು ಸಲ ಮುಚ್ಚಿಕೊಂಡಿದ್ನೆಲ್ರಿ ಅತ್ತಿ. ಏನುಳೀತು?"

"ದೃಷ್ಟಿ ಆಗತೈತಿ."

"ಯಾರಿಗೂ ಗೊತ್ತಿಲ್ಲದಂಗ ಇಟ್ಟಿದ್ದಕ್ಕ ಯಾರ ದೃಷ್ಟಿ ಆಗಿತ್ರಿ? ಕಾವ್ಯನ ಕುಬಸದಾಗ ನನ್ನ ಕೈಯಾಗಿನ ತಟ್ಟಿ ಕಸಗೊಂಡ್ರಿ. ನಾ ಏನ್ ಮಾಡಿದ್ದೆ? ಇವತ್ತು ಹೇಳ್ರಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಬಸ್ಸಿಗೇ ವಾಪಸು ಹೋದರು. ಅಂದದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಊಟ ಮಾಡದೆ ಹೋದರಲ್ಲ, ಅದಕ್ಕೆ ಬೇಜಾರು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ.

ಸೆಪ್ಟೆಂಬರ್ 4, ಬುಧವಾರ

ಎಂಟು ವಾರ ಎರಡು ದಿನ. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನಲ್ಲಿ — ರಕ್ತ.

ಫೆಬ್ರುವರಿಯಲ್ಲಿ ಹೀಗೇ ಆದಾಗ ಪ್ಯಾಡ್ ಹಾಕಿಕೊಂಡು ನಲವತ್ತೆರಡು ಲಾರಿ ಮುಗಿಸಿ, ಆಮೇಲೆ ಆಸ್ಪತ್ರೆಗೆ ಹೋಗಿದ್ದೆ. ಅದನ್ನು ಧೈರ್ಯ ಅಂದುಕೊಂಡಿದ್ದೆ. ಎಂಥ ಧೈರ್ಯ, ಕತ್ತೆತನ.

ಈ ಸಲ ಹೊರಗೆ ಬಂದು ಕೂಗಿದೆ. "ಜಂಬಮ್ಮಾ! ರಕ್ತ ಹೋಗಾಕತ್ತೈತಿ!"

ಲಾರಿ ಸಾಲು ನಿಂತಲ್ಲೇ ನಿಂತಿತು. ಸೂಪರ್‌ವೈಸರ್ ಕನಕರಾಜ್, ಹೆಂಗಸರ ರಜೆ ಅರ್ಜಿ ಓದುವಾಗ ನೆಲ ನೋಡುವ ಮನುಷ್ಯ, ಓಡಿ ಬಂದು ಜೀಪಿನ ಕೀಲಿ ಯಲ್ಲೇಶನ ಕೈಗೆ ಹಾಕಿದರು. "ಜಲ್ದಿ ಹೋಗ್ರಿ. ತೂಕ ನಾ ಬರಕೋತೀನಿ." ಜಂಬಮ್ಮ ಒಲೆಯ ಮೇಲಿನ ಸಾರನ್ನು ಅಲ್ಲೇ ಬಿಟ್ಟು ಹತ್ತಿದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಏನೂ ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಅದೇ ಒಳ್ಳೆಯದಾಯಿತು.

ಸ್ಕ್ಯಾನ್. ಡಾಕ್ಟರ್ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಮಿಣಮಿಣ. ಹೃದಯ ಬಡಿತ ಇದೆ.

"ಇವತ್ತು ಚೆನ್ನಾಗಿದೆ. ಮುಂದಿಂದು ಗ್ಯಾರಂಟಿ ಕೊಡಲ್ಲ ನಾನು, ಸುಳ್ಳಾಗುತ್ತೆ."

ಈಶ್ವರ್ ಓಡಿ ಬಂದರು. ಟೂರಿಸ್ಟ್‌ಗಳನ್ನು ಹಂಪಿ ಬಜಾರಿನಲ್ಲೇ ಬೇರೆ ಗೈಡಿಗೆ ಒಪ್ಪಿಸಿ ಬಂದಿದ್ದಾರೆ. ಕುತ್ತಿಗೆಯಲ್ಲಿ ಐಡಿ ಕಾರ್ಡು ಹಾಗೇ ಇದೆ.

"ಬೈಕ್ ಎಲ್ಲಿ ನಿಲ್ಲಿಸಿದ್ರಿ?"

"ನಿಲ್ಲಿಸಿಲ್ಲ. ಗೇಟಿನ್ಯಾಗ ಕೆಡವಿ ಬಂದೀನಿ." ಆಮೇಲೆ ಮಂಚದ ಅಂಚಿಗೆ ಕೂತು, "ಆ ಮೂರು ಸಲಾನೂ ಬೈಕಿನ ಹತ್ರ ನಿಂತು ಅಳ್ತಿದ್ದೆ ತ್ರಿವೇಣಿ. ನಿನ್ನ ಮುಂದ ಅಳಬಾರದು ಅಂತ."

"ಇನ್ನ ಮುಂದ ಇಲ್ಲೇ ಅಳ್ರಿ" ಅಂದೆ.

ಅತ್ತರು. ಇಷ್ಟು ವರ್ಷ ಈ ಮನುಷ್ಯನನ್ನು ಕಲ್ಲು ಅಂದುಕೊಂಡಿದ್ದೆ. ನನ್ನದೂ ತಪ್ಪೇ.

ಸೆಪ್ಟೆಂಬರ್ 14, ಶನಿವಾರ

ರಕ್ತ ನಿಂತು ಒಂಬತ್ತು ದಿನ. ನೌಕರಿಗೆ ಹೋಗುತ್ತಿದ್ದೇನೆ, ಡಾಕ್ಟರನ್ನು ಕೇಳಿಯೇ. ವಾಂತಿ ಜೋರು. ವಾಂತಿಯಾದರೆ ಸಂತೋಷ, ಆಗದಿದ್ದರೆ ಗಾಬರಿ — ಇದೆಂಥ ಬಾಳು! ಸುಮಲತಾ ದಿನಾ ಬೆಳಿಗ್ಗೆ "ಆತಾ?" ಅಂತ ಕೇಳುತ್ತಾರೆ, ನಾಷ್ಟಾ ಆಯಿತಾ ಅಂದ ಹಾಗೆ. ಆಯಿತು ಅಂದರೆ ಮೂರು ಸಾಲಿನ ಹೆಂಗಸರು ಖುಷಿಪಡುತ್ತಾರೆ. ಯಲ್ಲೇಶ್ ಒಂದು ಕಟ್ಟು ಪ್ಲಾಸ್ಟಿಕ್ ಕವರ್ ತಂದು ಸೀಟಿಗೆ ನೇತುಹಾಕಿದ್ದಾನೆ. ಮಾತಿಲ್ಲ, ಕತೆಯಿಲ್ಲ.

ಅತ್ತೆಯ ಫೋನ್ ಇಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಹನ್ನೊಂದು ವಾರ ಒಂದು ದಿನ.

ಎರಡನೆಯದರಲ್ಲಿ ರಕ್ತ ಇರಲಿಲ್ಲ, ನೋವಿರಲಿಲ್ಲ. ಸ್ಕ್ಯಾನಿನಲ್ಲಿ ಬಡಿತವೂ ಇರಲಿಲ್ಲ, ಅಷ್ಟೇ. ಹಿಂದಿನ ಎರಡು ದಿನದಿಂದ ವಾಂತಿ ನಿಂತಿತ್ತು.

ಈಗಲೂ ವಾಂತಿ ನಿಂತು ಎರಡು ದಿನ.

ಸೆಪ್ಟೆಂಬರ್ 25, ಬುಧವಾರ, ಬೆಳಿಗ್ಗೆ 10:20

ಸ್ಕ್ಯಾನಿಂಗ್ ಸೆಂಟರಿನ ಬೆಂಚು. ಕೈಗೆ ಕೆಲಸ ಬೇಕು ಅಂತ ಬರೆಯುತ್ತಿದ್ದೇನೆ. ಹನ್ನೊಂದು ವಾರ ಎರಡು ದಿನ. ಈ ದಿನವನ್ನು ನಾನು ಹಿಂದೆಂದೂ ಕಂಡಿಲ್ಲ. ಡಾಕ್ಟರಿಗೆ ಫೋನ್ ಮಾಡಿದ್ದೆ. ಈ ವಾರಕ್ಕೆ ವಾಂತಿ ಕಡಿಮೆಯಾಗುವುದು ಸಹಜ ಅಂದರು. ನನ್ನ ವಿಷಯದಲ್ಲಿ ಯಾವುದು ಸಹಜವಾಗಿ ನಡೆದಿದೆ ಇಲ್ಲಿಯವರೆಗೆ?

ಈಶ್ವರ್ ಆಟೋದಲ್ಲಿ ಕರೆತಂದರು. ಜಂಬಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಾಳೆ. ಬೆಂಚಿನ ಆ ತುದಿಗೆ ಅತ್ತೆ. ನಾನು ಕರೆದಿರಲಿಲ್ಲ. ಕಂಪ್ಲಿಯಿಂದ ಮೊದಲನೇ ಬಸ್ಸಿಗೆ ಬಂದಿದ್ದಾರೆ.

"ನಿನ್ನ ಸಲುವಾಗಿ ಬಂದಿಲ್ಲ ನಾ. ಬಿಪಿ ತೋರಸಾಕ ಬಂದೀನಿ."

"ಇಲ್ಲಿ ಬಿಪಿ ನೋಡಂಗಿಲ್ರಿ ಅತ್ತಿ. ಬರೇ ಸ್ಕ್ಯಾನು."

"ಗೊತ್ತೈತಿ. ಸುಮ್ಕ ಕುಂದ್ರು."

ಅವರು ಕ್ಷಮೆ ಕೇಳಿಲ್ಲ, ನಾನೂ ಕೇಳಿಲ್ಲ. ಆ ಜಗಳ ಇನ್ನೂ ಬಾಕಿ ಇದೆ, ಆಮೇಲೆ ಆಡಿಕೊಳ್ಳುತ್ತೇವೆ. ತಮ್ಮ ಕೈಚೀಲವನ್ನು ನನ್ನ ಕಾಲ ಹತ್ತಿರ ಇಟ್ಟಿದ್ದಾರೆ, ನಾನು ಎಲ್ಲಿಗೋ ಓಡಿ ಹೋಗುತ್ತೇನೆ ಎಂಬಂತೆ.

ಹೋಗಿದ್ದರೆ ಬಚ್ಚಿಡುವುದಿಲ್ಲ. ಹಾಡುಹಗಲೇ, ಎಲ್ಲರ ಮುಂದೆ ಅಳುತ್ತೇನೆ. ಇದ್ದರೆ... ಆ ವಾಕ್ಯ ಮುಗಿಸಲು ಇನ್ನೂ ಭಯ.

ಕರೆದರು. ಜೊತೆಗೆ ಒಬ್ಬರು ಮಾತ್ರ ಅಂತಿದ್ದಾಳೆ ನರ್ಸ್. ಮೂವರೂ ಎದ್ದು ನಿಂತಿದ್ದಾರೆ, ಅತ್ತೆ ಎಲ್ಲರಿಗಿಂತ ಮುಂದೆ. ಯಾರು ಬರ್ತಾರೆ ಅಂತ ನರ್ಸ್ ನನ್ನನ್ನೇ ಕೇಳುತ್ತಿದ್ದಾಳೆ. ಎಲ್ಲರೂ ಅಂತೀನಿ. ತಡೆಯಲಿ ನೋಡೋಣ. ಏನೇ ಇರಲಿ, ಆ ಸ್ಕ್ರೀನನ್ನು ಈ ಸಲ ನಾನೊಬ್ಬಳೇ ನೋಡುವುದಿಲ್ಲ —